ಎಲೆಕ್ಟ್ರಿಕ್ ಕುಕ್ಕರಲ್ಲಿ ವಿಷಲ್ಲೇ ಬರಲ್ವಲ್ಲ, ಚಿಕನ್ ಎಷ್ಟು ಹೊತ್ತು ಬೇಯಿಸ್ಬೇಕು?
ವಿಷಲ್ ಲೆಕ್ಕ ಮರ್ತುಬಿಡಿ, ಇಲ್ಲಿ ನಿಮಿಷದ ಲೆಕ್ಕ. ಬ್ರಾಯ್ಲರ್ ಪೀಸ್ ಆದ್ರೆ ಹೈ ಪ್ರೆಶರಲ್ಲಿ 8 ನಿಮಿಷ ಸಾಕು, ಆದ್ರೆ ಪ್ರೆಶರ್ ಏರೋಕೇ ಇನ್ನೊಂದು 10 ನಿಮಿಷ ತಗೊಳತ್ತೆ, ಟೈಮರ್ ಅದಾದ್ಮೇಲೇ ಓಡೋದು, ಕೆಟ್ಟೋಯ್ತೇನೋ ಅಂತ ಗಾಬರಿ ಆಗ್ಬೇಡಿ. ನಾಟಿ ಕೋಳಿಗೆ 25 ನಿಮಿಷನಾದ್ರೂ ಬೇಕು, ಬಲಿತ ಹುಂಜ ಆದ್ರೆ ಇನ್ನೂ ಜಾಸ್ತಿ.

ಸ್ಕ್ರೀನಲ್ಲಿ ‘ಬರ್ನ್’ ಅಂತ ಬಂದ್ರೆ ತಳ ಹಿಡೀತಿದೆ ಅಂತ. ನಾನು ಮೊದಲ್ನೇ ಸಲ ರುಬ್ಬಿದ ಕಾಯಿ ಮೊದ್ಲೇ ಸುರಿದು ಇದೇ ಪಾಡು ಪಟ್ಟೆ, ಈಗ ಈರುಳ್ಳಿ ಹುರಿದ್ಮೇಲೆ ಒಂದು ಲೋಟ ನೀರು ಹಾಕಿ ಮರದ ಸೌಟಲ್ಲಿ ತಳ ಕೆರೆದು ಆಮೇಲೆ ಚಿಕನ್ ಹಾಕ್ತೀನಿ, ಕಾಯಿ ಮಸಾಲೆ ಮುಚ್ಚಳ ತೆಗೆದ್ಮೇಲೇನೇ. ಆಫ್ ಆದ ತಕ್ಷಣ ಆವಿ ಬಿಡ್ಬೇಡಿ, 10 ನಿಮಿಷ ಸುಮ್ನೆ ಬಿಟ್ರೆ ಪೀಸ್ ಮೆತ್ತಗಿರತ್ತೆ.