ಗಾಲಿ ಮೇಲಿನ ಮನೆಯಲ್ಲಿ ನೀರಿನ ಲೆಕ್ಕ

ಪ್ರಶ್ನೆ: ನೀವು, ನಿಮ್ಮ ಯಜಮಾನರು ಅಮೆರಿಕದಲ್ಲಿ ವರ್ಷಪೂರ್ತಿ ಮನೆಯಂತೆ ವಾಸ ಮಾಡೋ ಗಾಡಿ, ಅಂದ್ರೆ ಆರ್‌ವಿಯಲ್ಲೇ ಇರ್ತೀರಲ್ಲ, ಚಳಿಗಾಲಕ್ಕೆ, ನೀರಿಗೆ ಏನು ಮಾಡ್ತೀರಿ?

ಉತ್ತರ: ಚಳಿಗಾಲ ಸುಲಭ. ಅರಿಜೋನಾದ ಕ್ವಾರ್ಟ್‌ಸೈಟ್ ಮರುಭೂಮಿಗೆ ಹೋಗಿಬಿಡುತ್ತೇವೆ. ಅಲ್ಲಿ ಸರ್ಕಾರಿ ಜಮೀನಿನಲ್ಲಿ ಪರ್ಮಿಟ್ ತಗೊಂಡರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದು.

ನೀರಿನದೇ ಜಾಸ್ತಿ ಕಷ್ಟ. ಗಾಡಿಯಲ್ಲಿ ಮೂರು ಟ್ಯಾಂಕ್: ಒಳ್ಳೆ ನೀರಿನದು, ಬಚ್ಚಲ ನೀರಿನದು, ಕಕ್ಕಸಿನದು. ಕೊನೆಯ ಎರಡನ್ನು ಡಂಪ್ ಸ್ಟೇಷನ್ನಿನಲ್ಲೇ, ಅಂದರೆ ಗಾಡಿಗಳ ಕೊಳಚೆ ಸುರಿಯಲೆಂದೇ ಇರುವ ಜಾಗದಲ್ಲೇ, ಖಾಲಿ ಮಾಡಬೇಕು. ಮೊದಲು ಕಕ್ಕಸಿನದು, ಆಮೇಲೆ ಬಚ್ಚಲದ್ದು. ಆಗ ಪೈಪೂ ತೊಳೆದ ಹಾಗಾಗುತ್ತದೆ ಅಲ್ವಾ. ಅಕ್ಕಿ ತೊಳೆದ ನೀರನ್ನು ನಾನು ಸುಮ್ನೆ ಚೆಲ್ಲುವುದಿಲ್ಲ, ಸಾರಿನ ಪಾತ್ರೆ ನೆನೆಸಿಡುತ್ತೇನೆ. ಸ್ನಾನಕ್ಕೆ ಒಂದೇ ಬಕೆಟ್, ಊರಿನ ಹಾಗೆ ಚೊಂಬಿನಲ್ಲಿ. ಷವರ್‌ಗಿಂತ ಇದೇ ವಾಸಿ ಅಂತ ಯಜಮಾನರೂ ಈಗ ಒಪ್ಪಿದ್ದಾರೆ.