ಸಿಡಿ20 ಅಂಚಿನಲ್ಲಿ ಕಂದು, ನಡುವೆ ಖಾಲಿ: ತಪ್ಪು ಎಲ್ಲಾಗಿರುತ್ತದೆ?

ನೀವು ಕೇಳಿರುವುದು ಇಷ್ಟು: ಮಂಡ್ಯದಲ್ಲಿ ಕುತ್ತಿಗೆಯ ಲಿಂಫ್ ನೋಡ್ (ದುಗ್ಧ ಗ್ರಂಥಿ) ತೆಗೆದು ಮೈಸೂರಿನ ಲ್ಯಾಬಿಗೆ ಕಳಿಸಿದಿರಿ. ಬಿ ಜೀವಕೋಶ ಎಂಬ ಬಿಳಿ ರಕ್ತಕಣಗಳಲ್ಲಿರುವ ಸಿಡಿ20 ಪ್ರೋಟೀನನ್ನು ಆ್ಯಂಟಿಬಾಡಿಯಿಂದ ಹಿಡಿದು ಕಂದಾಗಿ ತೋರಿಸುವ ಬಣ್ಣ ಅಂಚಿನಲ್ಲಿ ಚೆನ್ನಾಗಿ ಬಂದು ನಡುವೆ ಮಸುಕಾಗಿದೆ, ಇನ್ನೊಂದು ಬಯಾಪ್ಸಿ ಬೇಕು ಅನ್ನುತ್ತಿದ್ದಾರೆ. ಆ್ಯಂಟಿಬಾಡಿ ಹಳೆಯದಿರಬಹುದೇ ಎಂಬುದು ನಿಮ್ಮ ಅನುಮಾನ.

ಆ್ಯಂಟಿಬಾಡಿ ಕೆಟ್ಟಿದ್ದರೆ ಅಂಚೂ ಮಸುಕಾಗುತ್ತಿತ್ತು, ಹೋಲಿಕೆಗೆಂದು ಜೊತೆಗೆ ಹಾಕಿದ ಟಾನ್ಸಿಲ್ ಚೂರೂ (ಕಂಟ್ರೋಲ್) ಮಸುಕಾಗುತ್ತಿತ್ತು. ಅಂಚು ಸರಿಯಿದ್ದು ನಡು ಖಾಲಿಯಾಗಿದ್ದರೆ ಮೊದಲು ನೋಡಬೇಕಾದದ್ದು ಫಾರ್ಮಲಿನ್ (ಅಂಗಾಂಶ ಕೆಡದಂತೆ ಗಟ್ಟಿಮಾಡುವ ದ್ರಾವಣ) ಡಬ್ಬಿಯನ್ನು.

ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್, ಅಲ್ಲಿನ ಪ್ರೋಟೀನುಗಳನ್ನು ಅದು ಕಟ್ಟಿಹಾಕಲು ಇನ್ನೂ ಹೊತ್ತು ಬೇಕು. ನೋಡ್‌ಗೆ ಗಟ್ಟಿ ಕವಚ ಬೇರೆ ಇರುತ್ತದೆ. ಎರಡು ಸೆಂಟಿಮೀಟರಿನ ನೋಡ್ ಅನ್ನು ಕತ್ತರಿಸದೆ ಇಡಿಯಾಗಿ ಮುಳುಗಿಸಿಟ್ಟರೆ ಅದು ಗಂಟು ಉಳಿದ ಮುದ್ದೆಯಂತೆ: ಹೊರಗೆ ಬೆಂದಿರುತ್ತದೆ, ಒಳಗೆ ಹಸಿ ಹಿಟ್ಟು. ಆ ಹಸಿ ನಡುಭಾಗವನ್ನು ಆಮೇಲೆ ಪ್ರೊಸೆಸರ್‌ನ (ಅಂಗಾಂಶವನ್ನು ಮೇಣದ ಬ್ಲಾಕಿಗೆ ಸಿದ್ಧಮಾಡುವ ಯಂತ್ರ) ಆಲ್ಕೋಹಾಲ್ ಗಟ್ಟಿಮಾಡುತ್ತದೆ. ಅಲ್ಲಿ ಜೀವಕೋಶಗಳು ಕುಗ್ಗುತ್ತವೆ, ಪೊರೆಯ ಗೆರೆ ಹರಿಯುತ್ತದೆ. ಸಿಡಿ20 ಇರುವುದೇ ಬಿ ಜೀವಕೋಶದ ಪೊರೆಯಲ್ಲಿ, ಆದ್ದರಿಂದ ಬಣ್ಣ ಕೈಕೊಡುತ್ತದೆ.

ಹಾಗಾಗಿ ನೋಡ್ ಹೊರಬಂದ ಕೂಡಲೇ ಹರಿತವಾದ ಬ್ಲೇಡಿನಿಂದ 3 ಮಿಲಿಮೀಟರ್ ದಪ್ಪದ ಹೋಳುಗಳನ್ನಾಗಿ ಕತ್ತರಿಸಿ. ಕ್ಷಯದ ಅನುಮಾನ ಇದ್ದರೆ ಒಂದು ಚೂರನ್ನು ಆಗಲೇ ಸಲೈನ್‌ಗೆ ತೆಗೆದಿಡಬೇಕು. ಫಾರ್ಮಲಿನ್ ಮುಟ್ಟಿದ ಮೇಲೆ ಅದರಿಂದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಲು (ಕಲ್ಚರ್) ಆಗುವುದಿಲ್ಲ. ನಮ್ಮ ಕಡೆ ಕುತ್ತಿಗೆ ಗಡ್ಡೆಗೆ ಕ್ಷಯವೂ ದೊಡ್ಡ ಕಾರಣವಾದ್ದರಿಂದ ಈ ಒಂದು ಚೂರನ್ನು ಮರೆಯಲೇಬಾರದು. ಉಳಿದ ಹೋಳುಗಳಿಗೆ ಕನಿಷ್ಠ ಹತ್ತುಪಟ್ಟು ಫಾರ್ಮಲಿನ್ ಬೇಕು, ಬಾಯಿ ಅಗಲವಾದ ಡಬ್ಬಿ ಬೇಕು. ಆ ದ್ರಾವಣ ಬೆರೆಸುವ ಅಳತೆ ಇದು: ಒಂದು ಲೀಟರಿಗೆ ಅಂಗಡಿಯಲ್ಲಿ ಸಿಗುವ ಗಾಢ ಫಾರ್ಮಲಿನ್ 100 ಮಿಲಿ, ಡಿಸ್ಟಿಲ್ಡ್ ನೀರು 900 ಮಿಲಿ, ಮಾನೋಬೇಸಿಕ್ ಸೋಡಿಯಂ ಫಾಸ್ಫೇಟ್ 4 ಗ್ರಾಂ, ಡೈಬೇಸಿಕ್ 6.5 ಗ್ರಾಂ. ಬಫರ್ (ಆಮ್ಲೀಯವಾಗದಂತೆ ತಡೆಯುವ ಈ ಫಾಸ್ಫೇಟ್ ಲವಣಗಳು) ಹಾಕದೆ ಬರೀ ನಲ್ಲಿ ನೀರು ಬೆರೆಸಿದ ಫಾರ್ಮಲಿನ್ ದಿನ ಕಳೆದಂತೆ ಆಮ್ಲೀಯವಾಗುತ್ತದೆ. ಆಗ ರಕ್ತವಿರುವ ಕಡೆ ಕಂದುಗಪ್ಪು ಫಾರ್ಮಲಿನ್ ಪಿಗ್ಮೆಂಟ್ ಕೂರುತ್ತದೆ. ಈ ಪರೀಕ್ಷೆಯಲ್ಲಿ ಕೊನೆಗೆ ಹಾಕುವ ಡಿಎಬಿ ಬಣ್ಣವೂ ಕಂದೇ ಆದ್ದರಿಂದ ಅದನ್ನೇ ಪಾಸಿಟಿವ್ ಎಂದು ಓದುವ ಅಪಾಯ ಇದೆ. ಬಣ್ಣ ಹಾಕದ ಸ್ಲೈಡಿನಲ್ಲೂ ಆ ಕಣಗಳು ಕಂಡರೆ ಅದು ಪಿಗ್ಮೆಂಟೇ.

ಫಾರ್ಮಲಿನ್‌ನಲ್ಲಿ 12ರಿಂದ 24 ಗಂಟೆ ಒಳ್ಳೆಯದು. ಶನಿವಾರ ಸಂಜೆ ತೆಗೆದದ್ದು ಸೋಮವಾರದವರೆಗೆ ಇದ್ದರೂ ಚಿಂತೆಯಿಲ್ಲ, ರಿಟ್ರೀವಲ್ (ಬಣ್ಣ ಹಾಕುವ ಮುಂಚೆ ಬಫರಿನಲ್ಲಿ ಬಿಸಿಮಾಡಿ ಮುಚ್ಚಿಹೋದ ಪ್ರೋಟೀನನ್ನು ತೆರೆಯುವ ಹಂತ) ಅದನ್ನು ಸರಿದೂಗಿಸುತ್ತದೆ. ಕಡಿಮೆ ಹೊತ್ತು ನೆನೆದದ್ದನ್ನು ಮಾತ್ರ ಯಾವುದರಿಂದಲೂ ಸರಿಮಾಡಲಾಗದು. ದಸರಾ ರಜೆಯಂಥ ದಿನಗಳಲ್ಲಿ ತುಂಬಾ ತಡವಾಗುವುದಾದರೆ ಎರಡು ದಿನದ ಮೇಲೆ 70 ಶೇಕಡಾ ಆಲ್ಕೋಹಾಲಿಗೆ ಬದಲಾಯಿಸಿ.

ಬಣ್ಣ ಹಾಕುವ ಕಡೆಯೂ ತಪ್ಪಾಗುವುದುಂಟು, ಆದರೆ ಅದರ ಗುರುತೇ ಬೇರೆ. 3ರಿಂದ 4 ಮೈಕ್ರಾನ್ ದಪ್ಪದ ಸೆಕ್ಷನ್ (ಮೇಣದ ಬ್ಲಾಕಿನಿಂದ ಕತ್ತರಿಸಿದ ತೆಳು ಪದರ) ಅನ್ನು ಚಾರ್ಜ್ಡ್ ಸ್ಲೈಡಿನ (ಅಂಗಾಂಶ ಅಂಟಿಕೊಳ್ಳುವಂಥ ಗಾಜು) ಮೇಲೆ ತೆಗೆದು 60 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ಆಮೇಲೆ ಕ್ಸೈಲೀನ್, ಆಲ್ಕೋಹಾಲ್, ನೀರು. ರಿಟ್ರೀವಲ್‌ಗೆ ಪಿಎಚ್ 9ರ ಟ್ರಿಸ್-ಇಡಿಟಿಎ ಬಫರಿನಲ್ಲಿ 95ರಿಂದ 98 ಡಿಗ್ರಿಗೆ 20 ನಿಮಿಷ, ಅದೇ ಬಫರಿನಲ್ಲಿ 20 ನಿಮಿಷ ಆರಲು ಬಿಡಬೇಕು. ಬಿಸಿಯಿರುವಾಗಲೇ ತೆಗೆದರೆ ಸೆಕ್ಷನ್ ಒಣಗುತ್ತದೆ, ಕಿತ್ತೂ ಬರುತ್ತದೆ. 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ, ಸಿಡಿ20 ಹಿಡಿಯುವ ಎಲ್26 ಆ್ಯಂಟಿಬಾಡಿ ಅರ್ಧ ಗಂಟೆ, ಅದಕ್ಕೆ ಅಂಟಿ ಡಿಎಬಿಯನ್ನು ಕಂದಾಗಿಸುವ ಪಾಲಿಮರ್ ಅರ್ಧ ಗಂಟೆ, ಡಿಎಬಿ 5 ನಿಮಿಷ, ಒಂದೊಂದರ ನಡುವೆಯೂ ಬಫರ್ ತೊಳೆತ. ಆ್ಯಂಟಿಬಾಡಿಯನ್ನು ಎಷ್ಟು ತೆಳು ಮಾಡಬೇಕೆಂಬುದನ್ನು ಅದರ ಜೊತೆ ಬಂದ ಹಾಳೆ ನೋಡಿ, ನಿಮ್ಮದೇ ಟಾನ್ಸಿಲ್ ಮೇಲೆ ಪರೀಕ್ಷಿಸಿ ಗೊತ್ತುಮಾಡಿಕೊಳ್ಳಿ. ಏಪ್ರಿಲ್ ಬಿಸಿಲಿಗೆ ಹ್ಯುಮಿಡಿಟಿ ಚೇಂಬರಿನ (ಸ್ಲೈಡುಗಳನ್ನು ತೇವದಲ್ಲಿಡುವ ಪೆಟ್ಟಿಗೆ) ತಳದಲ್ಲಿ ನೀರಿಲ್ಲದಿದ್ದರೆ ಹನಿ ಒಣಗುತ್ತದೆ. ಒಣಗಿದ ಅಂಚು ಗಾಢ ಕಂದಾಗುತ್ತದೆ; ಅಲ್ಲಿ ನಾರಿನ ಅಂಗಾಂಶವೂ ಕಂದಾಗುವುದರಿಂದ ಇದು ನಿಜವಾದ ಬಣ್ಣವಲ್ಲ ಎಂದು ತಿಳಿಯುತ್ತದೆ. ನಿಮ್ಮ ಸ್ಲೈಡಿನ ಅಂಚನ್ನೂ ಹಾಗೆ ಒಮ್ಮೆ ನೋಡಿಸಿ.

ಕಂಟ್ರೋಲ್ ಟಾನ್ಸಿಲಿನಲ್ಲಿ ಫಾಲಿಕಲ್‌ನ (ಬಿ ಜೀವಕೋಶಗಳ ದುಂಡು ಗುಂಪು) ನಡುಭಾಗ, ಅದರ ಸುತ್ತಲ ಅಂಚುಪಟ್ಟಿಯಾದ ಮ್ಯಾಂಟಲ್ ಎರಡರಲ್ಲೂ ಪೊರೆಯ ಗೆರೆ ಚೂಪಾಗಿ ಕಾಣಬೇಕು, ಫಾಲಿಕಲ್‌ಗಳ ನಡುವಿನ ಟಿ ಜೀವಕೋಶಗಳು (ಸಿಡಿ20 ಇಲ್ಲದ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು) ಕಂದು ಹತ್ತದೆ ಹಿನ್ನೆಲೆ ಬಣ್ಣದ ನೀಲಿಯಾಗೇ ಉಳಿಯಬೇಕು. ಅಲ್ಲೂ ಕಂದು ಹರಡಿದ್ದರೆ ಆ ದಿನ ಬಣ್ಣ ಹಾಕಿದ ಸ್ಲೈಡುಗಳನ್ನೇ ಓದಬಾರದು.

ಇನ್ನೊಂದು ಮುಖ್ಯ ಮಾತು. ಸಿಡಿ20 ಪಾಸಿಟಿವ್ ಅಂದಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಆರೋಗ್ಯವಂತ ನೋಡ್ ತುಂಬ ಅದೇ ಇರುತ್ತದೆ. ಟಿ ಜೀವಕೋಶಗಳನ್ನು ತೋರಿಸುವ ಸಿಡಿ3 ಜೊತೆಗಿಟ್ಟು, ಜೀವಕೋಶಗಳ ಗಾತ್ರ, ಜೋಡಣೆ ನೋಡಿಯೇ ಅರ್ಥ ಹೇಳಬೇಕು. ನೆಗೆಟಿವ್ ಅಂದಮಾತ್ರಕ್ಕೆ ಬಿ ಜೀವಕೋಶ ಅಲ್ಲವೆಂದೂ ಅಲ್ಲ. ಪ್ಲಾಸ್ಮಾ ಜೀವಕೋಶವಾಗಿ ಬಲಿತಾಗ ಸಿಡಿ20 ಬಿಟ್ಟುಹೋಗುತ್ತದೆ. ಸಿಡಿ20ಯನ್ನೇ ಗುರಿಯಾಗಿಸುವ ರಿಟುಕ್ಸಿಮಾಬ್ ಔಷಧ ಪಡೆದವರ ಗಡ್ಡೆಯಲ್ಲೂ ಅದು ಮಾಯವಾಗಬಹುದು. ಅಂಥಲ್ಲಿ ಬಿ ಜೀವಕೋಶದ ಬೇರೆ ಗುರುತುಗಳಾದ ಪ್ಯಾಕ್ಸ್5, ಸಿಡಿ79ಎ ಬೇಕಾಗುತ್ತವೆ. ರಿಟುಕ್ಸಿಮಾಬ್ ಅನ್ನು ಕೀಲುವಾತಕ್ಕೂ ಕೊಡುತ್ತಾರೆ, ಆದ್ದರಿಂದ ರೋಗಿಯನ್ನು ಕೇಳಿ ಫಾರಂ ಮೇಲೆ ಬರೆಯಿರಿ.

ಈಗ ನಿಮ್ಮ ಕೇಸಿಗೆ: ಮತ್ತೆ ಕತ್ತಿ ಹಾಕುವ ಮುಂಚೆ ಮೈಸೂರಿನವರಿಗೆ ಫೋನ್ ಮಾಡಿ. ಚೆನ್ನಾಗಿ ನೆನೆದ ಅಂಚಿನಲ್ಲೇ ಅನುಮಾನದ ಜೀವಕೋಶಗಳಿದ್ದರೆ ಅಷ್ಟನ್ನೇ ಓದಬಹುದೇ, ಅದೇ ಬ್ಲಾಕಿನಿಂದ ಹೊಸ ಸೆಕ್ಷನ್ ತೆಗೆದು ಸಿಡಿ3, ಪ್ಯಾಕ್ಸ್5 ಹಾಕಬಹುದೇ, ಡಬ್ಬಿಯಲ್ಲಿ ಇನ್ನೂ ಹೋಳು ಉಳಿದಿದೆಯೇ ಕೇಳಿ. ಅದ್ಯಾವುದೂ ಆಗದಿದ್ದರೆ ಬಯಾಪ್ಸಿ ಮತ್ತೆ ಮಾಡಲೇಬೇಕು. ಆಗ ನೋಡ್ ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಎರಡನ್ನೂ ಡಬ್ಬಿಯ ಮೇಲೇ ಬರೆದು ಕಳಿಸಿ.