ಬಾಲ್ಕನಿಯ ಎದುರಿನ ಹೊಂಗೆಮರ

ಪ್ರಶ್ನೆ: ವರ್ಷಕ್ಕೊಮ್ಮೆ ಕೊಡಚಾದ್ರಿಗೆ ಹೋಗುತ್ತೇನೆ. ಸರ್ವಜ್ಞ ಪೀಠದ ಬಳಿ ಕುಳಿತು ಸೂರ್ಯಾಸ್ತ ನೋಡುವಾಗ, ಜಪತಪಗಳಲ್ಲಿ ಸಿಗದ ಶಕ್ತಿಯೊಂದು ನನ್ನೊಳಗೆ ತುಂಬಿದಂತಾಗುತ್ತದೆ. ಬೆಂಗಳೂರಿಗೆ ಮರಳಿದ ಎರಡೇ ದಿನಕ್ಕೆ ಅದು ಬತ್ತಿಹೋಗುತ್ತದೆ. ನಮ್ಮ ಮೂರನೆಯ ಮಹಡಿಯ ಬಾಲ್ಕನಿಯಿಂದ ಕಾಣುವುದು ಎದುರು ಮನೆಯ ನೀರಿನ ಟ್ಯಾಂಕು, ರಸ್ತೆಬದಿಯ ಒಂದು ಹೊಂಗೆಮರ ಅಷ್ಟೇ. ಇಲ್ಲಿ ಆ ಅನುಭವ ಸಾಧ್ಯವೇ?
– ಗೃಹಿಣಿ, ಬೆಂಗಳೂರು

ಉತ್ತರ: ಸಾಧ್ಯವಿದೆ. 1,343 ಮೀಟರ್ ಎತ್ತರದ ಆ ಬೆಟ್ಟದಲ್ಲಿ ನೀವು ಮನೆಯ ಚಿಂತೆಗಳನ್ನೆಲ್ಲ ಕೆಳಗೇ ಬಿಟ್ಟು, ಸೂರ್ಯ ಮುಳುಗುವುದನ್ನು ನೋಡಲೆಂದೇ ಗಂಟೆಗಟ್ಟಲೆ ಕಾದಿರುತ್ತೀರಿ. ಬಾಲ್ಕನಿಯಲ್ಲಿ ಎಂದಾದರೂ ಹಾಗೆ ಕಾದಿದ್ದೀರಾ? ನೀವು ಶಕ್ತಿ ಎಂದು ಕರೆಯುವುದರಲ್ಲಿ ಬೆಟ್ಟದ ಪಾಲೆಷ್ಟು, ನಿಮ್ಮ ಕಾಯುವಿಕೆಯ ಪಾಲೆಷ್ಟು ಎಂದು ಅಳೆದು ಹೇಳಲಾರೆ. ಬೆಟ್ಟವನ್ನು ಮನೆಗೆ ತರಲಾಗದು, ಕಾಯುವುದನ್ನು ತರಬಹುದು.

ನಿಮ್ಮ ಊರಿನದೇ ಆದ ಗವಿ ಗಂಗಾಧರೇಶ್ವರ ಗುಡಿಯನ್ನು ನೆನೆಯಿರಿ. ಮಕರ ಸಂಕ್ರಾಂತಿಯ ಸಂಜೆ ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು, ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಆ ಕೆಲವೇ ನಿಮಿಷಗಳ ಬೆಳಕಿಗೆ ದಾರಿ ಮಾಡಿಕೊಟ್ಟವರು, ಸೂರ್ಯ ಯಾವ ದಿನ ಎಲ್ಲಿ ಇಳಿಯುತ್ತಾನೆಂಬುದನ್ನು ವರ್ಷಗಟ್ಟಲೆ ನೋಡಿರಬೇಕು. ನನ್ನ ಮಟ್ಟಿಗೆ ಆ ನೋಟವೂ ಪೂಜೆಯೇ.

ನಿಮ್ಮ ಬಾಲ್ಕನಿ ಪೂರ್ವಕ್ಕೋ ಪಶ್ಚಿಮಕ್ಕೋ ಮುಖಮಾಡಿದ್ದರೆ, ಬೇಸರದಿಂದ ಹೆಸರಿಸಿದ ಆ ಟ್ಯಾಂಕನ್ನೇ ಗುರುತಾಗಿಟ್ಟುಕೊಳ್ಳಿ. ಡಿಸೆಂಬರ್ 21ರ ಸುಮಾರಿನಿಂದ ಜೂನ್ 21ರ ಸುಮಾರಿನವರೆಗೆ ಸೂರ್ಯ ಹುಟ್ಟುವ, ಮುಳುಗುವ ಜಾಗಗಳು ಸ್ವಲ್ಪ ಸ್ವಲ್ಪವೇ ಉತ್ತರಕ್ಕೆ ಸರಿಯುತ್ತ, ಬೆಂಗಳೂರಿನಲ್ಲಿ ಒಟ್ಟು ಸುಮಾರು 48 ಡಿಗ್ರಿಯಷ್ಟು ದೂರ ಹೋಗುತ್ತವೆ. ಪಂಚಾಂಗದಲ್ಲಿ ಮಾತ್ರ ಓದಿದ್ದ ಉತ್ತರಾಯಣ ಟ್ಯಾಂಕಿನ ಅಂಚಿನಲ್ಲಿಯೇ ನಡೆಯುತ್ತಿರುವುದನ್ನು ಕಂಡ ದಿನ, ಕೊಡಚಾದ್ರಿಯ ಸೂರ್ಯನೇ ಇಲ್ಲಿಗೂ ಬರುತ್ತಿದ್ದಾನೆಂದು ನಿಮಗೆ ಅನ್ನಿಸದೆ ಇರದು.

ಇನ್ನು ಹೊಂಗೆ. ಚಳಿಗಾಲದ ಕೊನೆಗೆ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರನ್ನು ಹೊತ್ತು ನಿಲ್ಲುವ, ಆಮೇಲೆ ನಸುನೇರಳೆ ಬೆರೆತ ಬಿಳಿಯ ಹೂಗಳನ್ನು ಅರಳು ಚೆಲ್ಲಿದಂತೆ ರಸ್ತೆಯ ತುಂಬ ಸುರಿಸುವ ಮರ ಅದು. ದಿನವೂ ಒಂದೇ ಹೊತ್ತಿಗೆ, ಫೋನನ್ನು ಒಳಗಿಟ್ಟು, ಹತ್ತು ನಿಮಿಷ ಅದನ್ನೇ ನೋಡಿ. ಮೊದಲ ವಾರ ಬೇಸರವಾಗುತ್ತದೆ. ನಮ್ಮ ಮನೆಯ ಮುಂದಿನ ಬೇವಿನ ಮರದೆದುರು ನನಗೂ ಆಗಿತ್ತು. ಎರಡನೆಯ ತಿಂಗಳಿಗೆ, ಯಾವ ಕೊಂಬೆಯಲ್ಲಿ ಚಿಗುರು ಮೊದಲು ಬಂತೆಂಬುದನ್ನು ಮನೆಯವರಿಗೆ ಹೇಳದೆ ಇರಲಾಗಲಿಲ್ಲ. ಶಕ್ತಿಯನ್ನು ಹುಡುಕುತ್ತ ಕೂರಬೇಡಿ, ಮರದ ಪರಿಚಯ ಮಾಡಿಕೊಳ್ಳಿ.

ಪ್ರಶ್ನೆ: ಅಂಗಳದಲ್ಲಿ ಬಿದ್ದ ಪಾರಿಜಾತವನ್ನು ಬೆಳಗ್ಗೆ ಗುಡಿಸಿ ಎಸೆಯುವಾಗ ಮನಸ್ಸು ನೋಯುತ್ತದೆ. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸಬಾರದಲ್ಲವೇ?
– ನಿವೃತ್ತ ಶಿಕ್ಷಕ, ಶಿರಸಿ

ಉತ್ತರ: ಪಾರಿಜಾತದ ಮಟ್ಟಿಗೆ ಆ ನಿಯಮವನ್ನು ನಮ್ಮ ಹಿರಿಯರು ಸಡಿಲಿಸಿದ್ದಾರೆ. ಕತ್ತಲಾದ ಮೇಲೆ ಅರಳಿ ಬೆಳಗಾಗುವಷ್ಟರಲ್ಲಿ ತಾನಾಗಿ ಕಳಚಿಕೊಳ್ಳುವ ಹೂವು ಅದು. ಆಯ್ದು ಏರಿಸುವುದೇ ಅದರ ರೂಢಿ. ರಾತ್ರಿ ಗಿಡದ ಬುಡವನ್ನು ಸಾರಿಸಿಡಿ, ಇಲ್ಲವೇ ಒಗೆದ ಪಂಚೆಯೊಂದನ್ನು ಹಾಸಿಡಿ. ಬೆಳಕು ಹರಿಯುವ ಮುಂಚೆ ಎದ್ದು ಗಿಡದ ಪಕ್ಕ ಸುಮ್ಮನೆ ನಿಂತರೆ, ಗಾಳಿ ಬೀಸದಿದ್ದರೂ ಹೂಗಳು ಒಂದೊಂದಾಗಿ ಕಳಚಿ, ಕೇಸರಿ ತೊಟ್ಟನ್ನು ಮೇಲೆ ಮಾಡಿಕೊಂಡು ಬಟ್ಟೆಯ ಮೇಲೆ ಇಳಿಯುವುದನ್ನು ಕಾಣುವಿರಿ.